“ಕಣ್ಗೆ ಒಂದು ಡ್ರಾಪ್ಸ್ ಕೊಡಿ” ಅಂದ್ರೆ ನಾನ್ಯಾಕೆ ಅಷ್ಟೊಂದು ಪ್ರಶ್ನೆ ಕೇಳ್ತೀನಿ

ಮಂಡ್ಯ ಕಡೆ ಒಂದು ತಾಲ್ಲೂಕು ಊರು, ಬಸ್ ಸ್ಟ್ಯಾಂಡಿಗೆ ಹತ್ರಾನೇ ನಮ್ಮ ಮೆಡಿಕಲ್. ಡಿ ಫಾರ್ಮ ಮುಗಿಸ್ಕೊಂಡು ಬಂದು ಕೌಂಟರಲ್ಲಿ ನಿಂತಾಗಿನಿಂದ ನೋಡ್ತಾ ಇದೀನಿ, ಜ್ವರದ ಮಾತ್ರೆ ಗ್ಯಾಸ್ಟ್ರಿಕ್ ಮಾತ್ರೆ ಬಿಟ್ರೆ ಜನ ಚೀಟಿ ಇಲ್ದೆ ಬಂದು ಕೇಳೋದು ಕಣ್ಣಿನ ಡ್ರಾಪ್ಸೇ. “ಅಕ್ಕಾ, ಕಣ್ಗೆ ಒಂದು ಡ್ರಾಪ್ಸ್ ಕೊಡಿ.” ಯಾವ್ದು ಅಂದ್ರೆ “ಅದೇ, ಕೆಂಪಾದ್ರೆ ಹಾಕ್ತಾರಲ್ಲ ಅದು.” ಯಾರಿಗೆ, ಎಷ್ಟು ದಿನದಿಂದ, ನೋವಿದೆಯಾ, ಮಂಜಾಗಿ ಕಾಣ್ತಿದೆಯಾ, ಹೊಲದಲ್ಲಿ ಏನಾದ್ರೂ ಬಡೀತಾ ಅಂತ ನಾನು ಕೇಳ್ತಾ ಹೋದ್ರೆ ಕೆಲವ್ರಿಗೆ ಸಿಟ್ಟೇ ಬರತ್ತೆ, ಅಷ್ಟರಲ್ಲಿ ಅವ್ರ ಬಸ್ಸು ಬೇರೆ ಹಾರ್ನ್ ಹೊಡೀತಿರತ್ತೆ. ಅದಕ್ಕೇ ಕೌಂಟರಲ್ಲಿ ನಿಂತು ಪೂರ್ತಿ ಹೇಳೋಕಾಗದೆ ಉಳಿದಿದ್ದನ್ನೆಲ್ಲ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ನಾನು ಕಂಡಿರೋದು ಇಷ್ಟು. ಏನೂ ಹಾಕಬಾರದ ಹೊತ್ತಲ್ಲಿ ನಾವು ಕಣ್ಣಿಗೆ ಕೈಗೆ ಸಿಕ್ಕಿದ್ದೆಲ್ಲ ಹಾಕ್ತೀವಿ, ದಿನಾ ತಪ್ಪದೆ ಹಾಕ್ಲೇಬೇಕಾದ ಹನಿಯನ್ನ ಮಾತ್ರ ಒಂದೆರಡು ಬಾಟಲಿಗೆ ನಿಲ್ಲಿಸಿಬಿಡ್ತೀವಿ. ಎರಡರಿಂದಲೂ ಕಣ್ಣು ಹೋಗತ್ತೆ. ಹೋಗೋದು ನಮ್ಮೂರಿನ ಜನರದ್ದೇ, ನನಗೆ ಹೆಸರು ಮುಖ ಎರಡೂ ಗೊತ್ತಿರೋರದ್ದೇ, ಅದಕ್ಕೇ ಇಷ್ಟು ಹೇಳೋದು.

ಮೊದ್ಲು ಕೆಂಪು ಕಣ್ಣಿನ ವಿಷಯ. 2023ರ ಮಳೆಗಾಲದಲ್ಲಿ ಕಣ್ಣು ಬೇನೆ ಬಂದಿದ್ದು ನೆನಪಿರಬೇಕು, ಮದ್ರಾಸ್ ಐ ಅಂತೀವಲ್ಲ ಅದು, ರಾಜ್ಯದ ತುಂಬಾ ಸ್ಕೂಲು ಹಾಸ್ಟೆಲ್ ಎಲ್ಲ ಕಡೆ ಹಬ್ಬಿತ್ತು. ಅದು ಹೆಚ್ಚಾಗಿ ಬರೋದು ವೈರಸ್ಸಿಂದ, ಆಂಟಿಬಯೋಟಿಕ್ ಹನಿಗೆ ವೈರಸ್ ಸಾಯಲ್ಲ. ಒಂದು ವಾರ, ಕೆಲವ್ರಿಗೆ ಎರಡು ವಾರ, ತಾನಾಗೇ ಬಿಟ್ಟು ಹೋಗತ್ತೆ. ಅಲ್ಲಿವರ್ಗೂ ಮಾಡಬೇಕಾಗಿರೋದು ಅಂದ್ರೆ ಸೋಪು ಹಾಕಿ ಕೈ ತೊಳ್ಕೊಳ್ಳೋದು, ಟವೆಲ್ಲು ದಿಂಬಿನ ಕವರು ಬೇರೆ ಇಟ್ಕೊಳ್ಳೋದು, ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಕಣ್ಣ ಮೇಲೆ ಇಟ್ಕೊಳ್ಳೋದು, ಮನೆಯವ್ರೆಲ್ಲ ಒಂದೇ ಬಾಟಲಿನ ಹನಿ ಹಾಕ್ಕೊಳ್ಳದೇ ಇರೋದು. ಬೇನೆ ಬಂದವ್ರ ಕಣ್ಣನ್ನ ನೋಡಿದ್ರೆ ನಮಗೂ ಬರತ್ತೆ ಅನ್ನೋದು ಸುಳ್ಳು, ಅವ್ರು ಕಣ್ಣು ಒರೆಸ್ಕೊಂಡ ಕೈಯಿಂದ ಬಾಗಿಲ ಚಿಲಕ, ಮೊಬೈಲು, ಬಸ್ಸಿನ ಕಂಬಿ ಮುಟ್ಟಿರ್ತಾರೆ, ಅದನ್ನ ಮುಟ್ಟಿ ನಾವು ನಮ್ಮ ಕಣ್ಣು ಉಜ್ಜಿಕೊಳ್ತೀವಿ, ಬರೋದು ಹಾಗೆ. ಕಪ್ಪು ಕನ್ನಡಕ ಹಾಕ್ಕೊಂಡ್ರೆ ಬಿಸಿಲು ಚುಚ್ಚಲ್ಲ ಅಷ್ಟೇ. ಅಂಟಂಟಾಗಿ ಹಳದಿ ಪಿಸಿರು ಜಾಸ್ತಿ ಬರ್ತಿದ್ರೆ, ಬೆಳಕು ನೋಡೋಕೇ ಆಗದಷ್ಟು ನೋವಿದ್ರೆ, ದೃಷ್ಟಿ ಮಂಜಾದ್ರೆ ಡಾಕ್ಟರ ಹತ್ರ ಹೋಗ್ಲೇಬೇಕು, ಆಗ ಅವ್ರು ಬರ್ಕೊಟ್ಟ ಹನಿ ನಾನು ಕೊಡ್ತೀನಿ.

ಆದ್ರೆ ಜನಕ್ಕೆ ಬೇಕಾಗಿರೋದು ಸಾಯಂಕಾಲದೊಳಗೆ ಕೆಂಪು ಹೋಗೋ ಹನಿ. ಅಂಥದ್ದು ಇದೆ, ಸ್ಟೀರಾಯ್ಡ್ ಹನಿ ಅದು. ಬಾಟಲಿನ ಮೇಲೆ ಸಣ್ಣ ಅಕ್ಷರದಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಫ್ಲೋರೋಮೆಥೊಲೋನ್ ಅಂತ ಯಾವ್ದೋ ಒಂದು ಹೆಸರಿರತ್ತೆ, ಬಹಳ ಸಲ ಆಂಟಿಬಯೋಟಿಕ್ ಜೊತೆ ಸೇರಿಸಿಯೂ ಬರತ್ತೆ. ಇವೆಲ್ಲ ಷೆಡ್ಯೂಲ್ ಎಚ್, ಚೀಟಿ ಇಲ್ದೆ ಕೊಡೋ ಹಾಗೇ ಇಲ್ಲ. ಉರಿಯೂತ ತಗ್ಗಿಸೋದ್ರಲ್ಲಿ ಅದಕ್ಕೆ ಸಾಟಿ ಇಲ್ಲ, ಡಾಕ್ಟರು ಆಪರೇಷನ್ ಆದ್ಮೇಲೆ ಅದನ್ನೇ ಕೊಡ್ತಾರೆ, ವಾರ ವಾರ ನೋಡ್ಕೊಂಡು ಕಮ್ಮಿ ಮಾಡ್ತಾ ನಿಲ್ಲಿಸ್ತಾರೆ. ನಾವೇ ತಗೊಂಡು ತಿಂಗಳುಗಟ್ಲೆ ಹಾಕಿದ್ರೆ ಕೆಲವ್ರ ಕಣ್ಣಲ್ಲಿ ಒತ್ತಡ ಏರಿ ನೋಟದ ನರ ಹಾಳಾಗತ್ತೆ, ಪೊರೆ ಬೇಗ ಬರತ್ತೆ, ಎರಡೂ ಆಗೋವಾಗ ಒಂಚೂರೂ ನೋವಿರಲ್ಲ.

ಇದಕ್ಕೆ ಸಿಕ್ಕಾಕಿಕೊಳ್ಳೋದು ಹೆಚ್ಚಾಗಿ ಮಕ್ಕಳು. ಫೆಬ್ರವರಿ ಕಳೆದು ಬಿಸಿಲು ಏರ್ತಿದ್ದ ಹಾಗೆ ಅಮ್ಮಂದಿರು ಹುಡುಗರನ್ನ ಕರ್ಕೊಂಡು ಬರ್ತಾರೆ, ಆರೇಳು ವರ್ಷದಿಂದ ಹದಿನೈದು ವರ್ಷದವರೆಗಿನ ಹುಡುಗರೇ ಜಾಸ್ತಿ, ಕಣ್ಣಿನ ಬಿಳಿ ಭಾಗ ಕಂದು ಬಣ್ಣಕ್ಕೆ ತಿರುಗಿರತ್ತೆ, ಬೆಳಗ್ಗೆ ಎದ್ದಾಗ ದಾರದ ಥರ ಪಿಸಿರು, ಎರಡೂ ಮುಷ್ಟಿ ಹಾಕಿ ಕಣ್ಣು ತಿಕ್ತಾನೇ ಇರ್ತಾರೆ. ಅದು ಅಲರ್ಜಿ, ವರ್ಷ ವರ್ಷ ಬಿಸಿಲು ಧೂಳಿಗೆ ಕೆರಳತ್ತೆ, ದೊಡ್ಡವರಾಗ್ತಾ ಹೆಚ್ಚಿನವ್ರಿಗೆ ಕಮ್ಮಿ ಆಗತ್ತೆ. ಒಬ್ಬ ತಾಯಿ ಬಂದು “ಅಕ್ಕಾ, ಅಲ್ಲಾಡ್ಸಿ ಹಾಕೋ ಬಿಳೀ ಹನಿ ಅದೆಯಲ್ಲ, ಅದ್ನೇ ಕೊಡಿ, ಹೋದ ವರ್ಸ ಅದ್ರಲ್ಲೇ ಒಳ್ಳೇದಾಗಿತ್ತು, ಆಗಿಂದ್ಲೂ ಅದ್ನೇ ಹಾಕ್ತಾ ಇವ್ನಿ” ಅಂದ್ರು. ನನ್ನ ಎದೆ ಧಸಕ್ ಅಂತು. ಹಾಲಿನ ಥರ ಬೆಳ್ಳಗಿರೋ, ಅಲ್ಲಾಡ್ಸಿ ಹಾಕೋ ಆ ಹನಿ ಸ್ಟೀರಾಯ್ಡ್. ಹುಡುಗನ್ನ ಅವತ್ತೇ ಕಣ್ಣಿನ ಡಾಕ್ಟರ ಹತ್ರ ಕಳಿಸ್ದೆ, ಪುಣ್ಯಕ್ಕೆ ಒತ್ತಡ ಸ್ವಲ್ಪವೇ ಏರಿತ್ತು, ಹನಿ ಬದಲಾಯಿಸಿದ್ಮೇಲೆ ಇಳೀತು. ಅಲರ್ಜಿಗೆ ಸ್ಟೀರಾಯ್ಡ್ ಇಲ್ಲದ ಹನಿಗಳಿವೆ, ವರ್ಷಗಟ್ಲೆ ಹಾಕಬಹುದಾದ್ದೂ ಇದೆ, ಅದನ್ನ ಡಾಕ್ಟರು ಬರೀತಾರೆ. ಇನ್ನೊಂದು, ಮಕ್ಕಳು ಕಣ್ಣು ತಿಕ್ಕೋದನ್ನ ಹೇಗಾದ್ರೂ ಮಾಡಿ ಬಿಡಿಸಿ. ವರ್ಷಗಟ್ಲೆ ಜೋರಾಗಿ ತಿಕ್ಕಿದ ಕಣ್ಣಲ್ಲಿ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ತೆಳ್ಳಗಾಗಿ ಮುಂದಕ್ಕೆ ಚೂಪಾಗೋ ಅಪಾಯ ಇದೆ, ಕೆರಟೋಕೋನಸ್ ಅಂತಾರೆ, ಆಮೇಲೆ ಕನ್ನಡಕ ಹಾಕಿದ್ರೂ ಸರಿಯಾಗಿ ಕಾಣಲ್ಲ. ತುರಿಕೆ ಬಂದಾಗ ಐಸ್ ನೀರಲ್ಲಿ ಅದ್ದಿದ ಬಟ್ಟೆ ಇಡಿ, ಅದಕ್ಕಿಂತ ಸುಲಭದ ಮದ್ದು ಬೇರೆ ಇಲ್ಲ.

ಈಗ ಹೊಲದ ವಿಷಯ, ನಮ್ಮ ಕಡೆಯವ್ರಿಗೆ ನಾನು ಮುಖ್ಯವಾಗಿ ಹೇಳಬೇಕಾಗಿರೋದೇ ಇದು. ಕಬ್ಬು ಕಡಿಯೋವಾಗ ಗರಿ ಬಡಿಯತ್ತೆ, ಭತ್ತ ತೂರೋವಾಗ ಹೊಟ್ಟು ಬೀಳತ್ತೆ, ಹುಲ್ಲಿನ ಕಡ್ಡಿ ಚುಚ್ಚತ್ತೆ. ಕಾರ್ನಿಯಾ ಮೇಲೆ ಒಂದು ಸಣ್ಣ ಗೀರು, ಅಷ್ಟೇ. ನೀರು ಸುರಿಯತ್ತೆ, ಚುಚ್ಚತ್ತೆ, ಮನೆಗೆ ಬಂದ್ರೆ ಯಾರಾದ್ರೂ ನಂದಿಬಟ್ಟಲು ಹೂವಿನ ರಸ ಹಿಂಡ್ತಾರೆ, ಬಾಣಂತಿ ಇದ್ರೆ ಎದೆಹಾಲು, ಇಲ್ಲಾಂದ್ರೆ ಹರಳೆಣ್ಣೆ. ನಮ್ಮಜ್ಜಿಯೂ ಹಾಕ್ತಿದ್ರು, ಪ್ರೀತಿಯಿಂದಲೇ ಹಾಕ್ತಿದ್ರು, ಕಣ್ಣು ತಂಪಾಗ್ಲಿ ಅಂತ. ಆದ್ರೆ ಗರಿಯ ಮೇಲೆ, ಹೊಟ್ಟಿನ ಮೇಲೆ ಇರೋದು ಫಂಗಸ್, ಗೀರಿನ ಒಳಗೆ ಆಗ್ಲೇ ಕೂತಿರತ್ತೆ, ಅದರ ಮೇಲೆ ತೊಳೆಯದ ಬೆರಳಲ್ಲಿ ಹಿಂಡಿದ ರಸ ಇನ್ನಷ್ಟು ಸೋಂಕು ತಂದು ಹಾಕತ್ತೆ. ಅದರ ಮೇಲೆ ಯಾವ್ದಾದ್ರೂ ಅಂಗಡಿಯ ಸ್ಟೀರಾಯ್ಡ್ ಹನಿ ಬಿದ್ರೆ ಮುಗೀತು, ಕೆಂಪು ಇಳಿಯತ್ತೆ, ನೋವು ಇಳಿಯತ್ತೆ, ವಾಸಿ ಆಯ್ತು ಅಂದ್ಕೊಂಡು ಅವ್ರು ಮತ್ತೆ ಗದ್ದೆಗೆ ಹೋಗ್ತಾರೆ, ಸ್ಟೀರಾಯ್ಡು ಕಣ್ಣಿನ ರೋಗ ತಡೆಯೋ ಶಕ್ತಿಯನ್ನ ತಗ್ಗಿಸಿರತ್ತೆ, ಫಂಗಸ್ಸಿಗೆ ಎದುರಾಳಿಯೇ ಇರಲ್ಲ, ಅದು ಒಳಗೆ ಬೆಳೀತಾ ಹೋಗತ್ತೆ. ಫಂಗಸ್ ಬೆಳೆಯೋದು ನಿಧಾನ. ವಾರ ಕಳೆದ್ಮೇಲೆ ಕರಿಗುಡ್ಡೆ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳೀ ಚುಕ್ಕೆ ಕಾಣತ್ತೆ. ಅಷ್ಟೊತ್ತಿಗೆ ಹುಣ್ಣಾಗಿರತ್ತೆ. ಡಾಕ್ಟರು ಅದನ್ನ ಸ್ವಲ್ಪ ಕೆರೆದು ಗಾಜಿನ ಮೇಲೆ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿ ಫಂಗಸ್ಸೋ ಬ್ಯಾಕ್ಟೀರಿಯಾನೋ ಅಂತ ತಿಳ್ಕೊಂಡು ಔಷಧಿ ಕೊಡ್ತಾರೆ, ಫಂಗಸ್ ಆದ್ರೆ ನಟಮೈಸಿನ್ ಹನಿ, ಮೊದಮೊದ್ಲು ಗಂಟೆಗೊಂದು ಸಲ, ವಾರಗಟ್ಲೆ. ವಾಸಿ ಆದ್ರೂ ಅಲ್ಲಿ ಬೆಳ್ಳಗೆ ಕಲೆ ಉಳಿಯತ್ತೆ, ಕಣ್ಣಿಗೆ ಹೂವು ಬಿತ್ತು ಅಂತಾರಲ್ಲ ಅದು. ನಟ್ಟನಡುವೆ ಬಿದ್ರೆ ಆ ಕಣ್ಣು ಮತ್ತೆ ಸರಿಯಾಗಿ ಕಾಣಬೇಕು ಅಂದ್ರೆ ಹೆಚ್ಚಿನವ್ರಿಗೆ ಸತ್ತವ್ರು ದಾನ ಕೊಟ್ಟ ಕಾರ್ನಿಯಾ ಹಾಕೋದೊಂದೇ ದಾರಿ. 2021ರಲ್ಲಿ ಅಪ್ಪು ಅವ್ರ ಎರಡು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತಲ್ಲ, ಕಾರ್ನಿಯಾದ ಮುಂದಿನ ಪದರ ಹಿಂದಿನ ಪದರ ಬೇರೆ ಮಾಡಿ ನಾಲ್ಕು ಜನಕ್ಕೆ ಹಾಕಿದ್ರು, ಆಮೇಲೆ ಎಷ್ಟೋ ಜನ ನೇತ್ರದಾನಕ್ಕೆ ಹೆಸರು ಕೊಟ್ರು, ಅದು ತುಂಬಾ ದೊಡ್ಡ ಕೆಲಸ. ಆದ್ರೂ ಕಬ್ಬಿನ ಗರಿ ಬಡಿದ ದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ರೆ ಆ ಕಲೆಯೇ ಬೀಳದೇ ಇರ್ತಿತ್ತು ಅಂತ ನನಗೆ ಪ್ರತಿ ಸಲ ಹೊಟ್ಟೆ ಉರಿಯತ್ತೆ. ಕಡಿಯೋಕೆ ಹೋಗೋರು ಸಾದಾ ಪ್ಲಾಸ್ಟಿಕ್ ಕನ್ನಡಕ, ವೆಲ್ಡಿಂಗ್ ಅಂಗಡಿ ಹುಡುಗರು ಗ್ರೈಂಡಿಂಗ್ ಮಾಡೋವಾಗ ಹಾಕ್ಕೊಳ್ತಾರಲ್ಲ ಆ ಥರದ್ದು, ಹಾಕ್ಕೊಳ್ಳಿ, ಹೆಚ್ಚು ದುಡ್ಡೇನೂ ಆಗಲ್ಲ.

ಸುಣ್ಣ. ಎಲೆ ಅಡಿಕೆ ಹಾಕೋ ಮನೆಯಲ್ಲಿ ಸುಣ್ಣದ ಟ್ಯೂಬೋ ಪ್ಯಾಕೆಟ್ಟೋ ಮಕ್ಕಳ ಕೈಗೆ ಸಿಗೋ ಹಾಗೆ ಇಡಲೇಬೇಡಿ. ಮಗು ಅದನ್ನ ಹಿಸುಕತ್ತೆ, ಪಟ್ ಅಂತ ಒಡೆದು ಕಣ್ಣಿಗೇ ಹಾರತ್ತೆ. ಸುಣ್ಣ ಕಣ್ಣನ್ನ ಸುಡೋದು ಒಂದು ಸಲಕ್ಕೆ ನಿಲ್ಲಲ್ಲ, ಒಳಕ್ಕೆ ಇಳೀತಾನೇ ಇರತ್ತೆ. ಆ ಹೊತ್ತಲ್ಲಿ ಆಟೋ ಹುಡುಕೋದಕ್ಕಿಂತ ಮೊದ್ಲು ನಲ್ಲಿಯ ಕೆಳಗೆ ಹಿಡೀರಿ, ಮಗು ಎಷ್ಟೇ ಅತ್ರೂ ರೆಪ್ಪೆ ಬಿಡಿಸಿ ಅರ್ಧ ಗಂಟೆಯಾದ್ರೂ ನೀರು ಹರಿಸಿ, ಮೇಲಿನ ರೆಪ್ಪೆ ಒಳಗೆ ಸುಣ್ಣದ ಕಣ ಅಂಟಿಕೊಂಡಿರತ್ತೆ, ನೀರಲ್ಲಿ ಹೋದಷ್ಟು ಹೋಗ್ಲಿ, ಆಮೇಲೆ ಆಸ್ಪತ್ರೆ. ತುಪ್ಪ ಬೇಡ, ಎಣ್ಣೆ ಬೇಡ, ನನ್ನ ಅಂಗಡಿಯ ಹನಿಯೂ ಬೇಡ. ನೀರು ಅಷ್ಟೇ. ಟಾಯ್ಲೆಟ್ ತೊಳೆಯೋ ಆಸಿಡ್ಡಿಗೂ ಇದೇ.

ಎಳೆ ಮಕ್ಕಳ ಕಣ್ಣಿಗೆ ಕಾಡಿಗೆ ಹಚ್ಚೋದನ್ನೂ ಬಿಟ್ಬಿಡಿ ಅಂತ ಬಾಣಂತಿಯರ ಅಮ್ಮಂದಿರಿಗೆ ಹೇಳ್ತಾನೇ ಇರ್ತೀನಿ. ದೃಷ್ಟಿ ಬೊಟ್ಟು ಕೆನ್ನೆಗೋ ಅಂಗಾಲಿಗೋ ಇಡಿ, ಯಾರೂ ಬೇಡ ಅನ್ನಲ್ಲ. ಕಣ್ಣಿನೊಳಗೆ ಬೆರಳು ಹೋಗಬಾರದು, ಅಂಗಡಿಯಲ್ಲಿ ಸಿಗೋ ಕೆಲವು ಕಾಡಿಗೆ ಸುರ್ಮಾದಲ್ಲಿ ಸೀಸ ಬೇರೆ ಇರತ್ತೆ. ಮಕ್ಕಳ ಕಣ್ಣಿಗೆ ನಿಜವಾಗ್ಲೂ ಬೇಕಾಗಿರೋ ಔಷಧಿ ಬಾಯಿಗೆ ಹಾಕೋದು, ವಿಟಮಿನ್ ಎ ಸಿರಪ್ಪು, ಒಂಬತ್ತು ತಿಂಗಳಿಗೆ ಶುರು ಮಾಡಿ ಆಮೇಲೆ ಆರಾರು ತಿಂಗಳಿಗೊಂದು ಸಲ ಐದು ವರ್ಷದವರೆಗೆ ಸರ್ಕಾರದವ್ರೇ ಕೊಡ್ತಾರೆ. ಅದು ಕಮ್ಮಿ ಆದ್ರೆ ಇರುಳುಗಣ್ಣು ಬರತ್ತೆ, ಸಂಜೆ ಕತ್ತಲಾಗ್ತಿದ್ದ ಹಾಗೆ ಮಗು ತಡವರಿಸತ್ತೆ. ನುಗ್ಗೆಸೊಪ್ಪು, ಪಪ್ಪಾಯ, ಮೊಟ್ಟೆ ನಮ್ಮೂರಲ್ಲಿ ಯಾರಿಗೆ ಸಿಗಲ್ಲ ಹೇಳಿ.

ಪೊರೆ ಕರಗಿಸೋ ಹನಿ ಕೊಡಿ ಅಂತಲೂ ಬರ್ತಾರೆ. ಅಂಥ ಹನಿ ಇಲ್ಲ. ಕಣ್ಣಿನೊಳಗಿನ ಲೆನ್ಸ್ ವಯಸ್ಸಾದ ಹಾಗೆ ಮಬ್ಬಾಗೋದೇ ಪೊರೆ, ಅದನ್ನ ತೆಗೆದು ಬೇರೆ ಲೆನ್ಸ್ ಇಡಬೇಕು ಅಷ್ಟೇ. ಹಳಬರಿಗೆ ಆಪರೇಷನ್ ಅಂದ್ರೆ ಭಯ, ಯಾಕಂದ್ರೆ ಅವ್ರು ನೋಡಿರೋದು ಹಿಂದಿನ ಕಾಲದ ಕ್ಯಾಂಪು, ದಿನಗಟ್ಲೆ ಪಟ್ಟಿ ಕಟ್ಕೊಂಡು ಅಲ್ಲಾಡದೆ ಮಲಗೋದು, ಆಮೇಲೆ ಸೋಡಾಬುಡ್ಡಿ ಕನ್ನಡಕ. ಆ ಕಾಲಕ್ಕೆ ಅದೇ ದೊಡ್ಡದು, ಬೀಳಗಿಯ ಡಾ. ಎಂ.ಸಿ. ಮೋದಿಯವ್ರು ಊರೂರಿಗೆ ಹೋಗಿ ಸ್ಕೂಲು ಛತ್ರಗಳಲ್ಲೇ ಆಪರೇಷನ್ ಮಾಡಿ ಲಕ್ಷಾಂತರ ಜನಕ್ಕೆ ಕಣ್ಣು ಕೊಟ್ರು, 2005ರಲ್ಲಿ ತೀರಿಕೊಂಡ್ರು, ನಮ್ಮ ಕಡೆ ಮುದುಕರು ಈಗ್ಲೂ ಆ ಪುಣ್ಯಾತ್ಮನ ಹೆಸರು ಹೇಳ್ತಾರೆ. ಈಗ ಎರಡು ಮೂರು ಮಿಲಿಮೀಟರ್ ಗಾಯ, ಹೆಚ್ಚಿನವ್ರಿಗೆ ಹೊಲಿಗೆಯೂ ಇಲ್ಲ, ಬೆಳಗ್ಗೆ ಹೋಗಿ ಸಂಜೆ ಮನೆಗೆ. ಪೊರೆ ಪೂರ್ತಿ ಹಣ್ಣಾಗ್ಲಿ ಅಂತ ಕಾಯೋದೂ ಬೇಡ, ಕಾದಷ್ಟೂ ಗಟ್ಟಿಯಾಗಿ ಆಪರೇಷನ್ನೇ ಕಷ್ಟ ಆಗತ್ತೆ.

ಮೊಬೈಲು ಕಂಪ್ಯೂಟರ್ ನೋಡಿ ನೋಡಿ ಕಣ್ಣು ಉರಿ ಅಂತ ಬರೋ ಹುಡುಗರಿಗೆ ಕಣ್ಣೀರಿನ ಥರದ ಸಾದಾ ಹನಿ ಇದೆ, ಅದ್ರಿಂದ ತೊಂದ್ರೆ ಇಲ್ಲ. ಸುಮ್ನೆ ಕೂತಾಗ ನಿಮಿಷಕ್ಕೆ ಹದಿನೈದು ಸಲ ರೆಪ್ಪೆ ಬಡೀತೀವಿ ಅಂದ್ರೆ ಸ್ಕ್ರೀನ್ ಮುಂದೆ ಅದು ಅರ್ಧಕ್ಕಿಂತ ಕಮ್ಮಿ ಆಗತ್ತೆ, ಕಣ್ಣು ಒಣಗತ್ತೆ, ಉರಿ ಬರೋದು ಅದಕ್ಕೇ. ಇಪ್ಪತ್ತು ನಿಮಿಷಕ್ಕೊಂದು ಸಲ ಇಪ್ಪತ್ತು ಅಡಿ ದೂರ ನೋಡಿ ಇಪ್ಪತ್ತು ಸೆಕೆಂಡ್, ರೆಪ್ಪೆ ಪೂರ್ತಿ ಮುಚ್ಚಿ ತೆಗೀರಿ, ಫ್ಯಾನು ನೇರ ಮುಖಕ್ಕೆ ಬೀಸ್ದಂಗೆ ನೋಡ್ಕೊಳ್ಳಿ. ಬ್ಲೂ ಲೈಟ್ ಕನ್ನಡಕಕ್ಕೆ ಜಾಸ್ತಿ ದುಡ್ಡು ಕೊಡ್ಬೇಡಿ, 2023ರಲ್ಲಿ ಕೊಕ್ರೇನ್ ಅನ್ನೋ, ವೈದ್ಯಕೀಯ ಅಧ್ಯಯನಗಳನ್ನ ಪರಿಶೀಲಿಸೋ ಸಂಸ್ಥೆಯವ್ರು ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ಅದ್ರಿಂದ ಕಣ್ಣಿನ ಆಯಾಸ ಕಮ್ಮಿ ಆಗೋ ಹಾಗೆ ಕಾಣಲ್ಲ ಅಂತ ಹೇಳಿದ್ರು. ಮಕ್ಕಳಿಗಾದ್ರೆ ದಿನಾ ಎರಡು ಗಂಟೆ ಹೊರಗೆ ಬಯಲಲ್ಲಿ ಆಡೋಕೆ ಬಿಡಿ, ಸಮೀಪದೃಷ್ಟಿ ಬರೋದು ಕಮ್ಮಿ ಆಗತ್ತೆ.

ಇನ್ನು ಹಾಕ್ಲೇಬೇಕಾದವ್ರ ವಿಷಯ. ಗ್ಲಾಕೋಮಾ. ಕಣ್ಣಿನೊಳಗೆ ಒಂದು ದ್ರವ ಉತ್ಪತ್ತಿ ಆಗ್ತಾ, ಹೊರಗೆ ಹರೀತಾ ಇರತ್ತೆ, ಹೋಗೋ ದಾರಿ ಕಟ್ಕೊಂಡ್ರೆ ಒತ್ತಡ ಏರಿ ಹಿಂದಿರೋ ನರ ಸ್ವಲ್ಪ ಸ್ವಲ್ಪವೇ ಸಾಯತ್ತೆ. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸ ಅಂತಾರೆ, ಕೆಲವ್ರಿಗೆ ಅದರೊಳಗೇ ಇದ್ರೂ ನರ ಹಾಳಾಗತ್ತೆ. ಮೊದ್ಲು ಹೋಗೋದು ಪಕ್ಕದ ನೋಟ, ನೇರ ಮುಂದಿನದ್ದು ಕೊನೆವರೆಗೂ ಚೆನ್ನಾಗೇ ಕಾಣತ್ತೆ, ಪೇಪರ್ ಓದ್ತಾರೆ, ಸೂಜಿಗೆ ದಾರ ಪೋಣಿಸ್ತಾರೆ, ಆದ್ರೆ ಬಾಗಿಲ ಚೌಕಟ್ಟಿಗೆ ಭುಜ ಬಡಿಸ್ಕೊಳ್ತಾರೆ. ಹೋದ ನೋಟ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಕೇ ಹನಿ.

ನಮ್ಮಲ್ಲಿಗೆ ಬರ್ತಿದ್ದ ಒಬ್ಬ ರಿಟೈರ್ಡ್ ಮೇಷ್ಟ್ರು ಇದ್ದಕ್ಕಿದ್ದ ಹಾಗೆ ಹನಿ ತಗೊಳ್ಳೋದು ನಿಲ್ಲಿಸಿದ್ರು. ಪೇಟೆಯಲ್ಲಿ ಸಿಕ್ಕಾಗ ಕೇಳಿದ್ರೆ “ಅಲ್ಲ ಕಣವ್ವ, ಹಾಕುದ್ರೂ ಅಷ್ಟೇ ಕಾಣ್ತದೆ, ಹಾಕ್ದಿದ್ರೂ ಅಷ್ಟೇ ಕಾಣ್ತದೆ, ಸುಮ್ನೆ ಯಾಕೆ ದುಡ್ಡು ದಂಡ” ಅಂದ್ರು. ನಾನಂದೆ, “ಮೇಷ್ಟ್ರೇ, ಬಿಪಿ ಮಾತ್ರೆ ನುಂಗಿದ್ರೆ ನಿಮಗೆ ಏನಾದ್ರೂ ಗೊತ್ತಾಗತ್ತಾ? ಆದ್ರೂ ಬಿಡಲ್ಲ ತಾನೆ. ಹನಿ ಹಾಕೋದು ಜಾಸ್ತಿ ಕಾಣ್ಲಿ ಅಂತ ಅಲ್ಲ, ಇರೋ ನೋಟ ಉಳೀಲಿ ಅಂತ.” ಸ್ವಲ್ಪ ಹೊತ್ತು ಸುಮ್ನಿದ್ದು ಅಂಗಡಿಗೆ ಬಂದ್ರು. ದುಡ್ಡಿನ ಕಷ್ಟ ನಿಜ, ತಿಂಗಳಾ ತಿಂಗಳಾ ಖರ್ಚು, ಡಾಕ್ಟರಿಗೆ ಅದನ್ನ ಬಾಯಿಬಿಟ್ಟು ಹೇಳಿ, ಕಮ್ಮಿ ಬೆಲೆಯ ಹನಿ ಬರ್ಕೊಡ್ತಾರೆ, ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ, ನನ್ನ ಹತ್ರಾನೇ ತಗೊಳ್ಳಿ ಅಂತ ನಾನು ಯಾವತ್ತೂ ಹೇಳಲ್ಲ. ಆಸ್ತಮಾ ಇದ್ರೆ ಅದನ್ನೂ ಹೇಳಿ, ಟಿಮೊಲಾಲ್ ಅನ್ನೋ ಹನಿ ಆಸ್ತಮಾ ಇರೋರಿಗೆ ಆಗಲ್ಲ, ಕಣ್ಣಿಗೆ ಹಾಕಿದ್ದೂ ರಕ್ತಕ್ಕೆ ಸೇರತ್ತೆ.

ಹಾಕೋ ಕ್ರಮ ಮೇಷ್ಟ್ರಿಗೆ ತೋರಿಸಿದ ಹಾಗೇ ಇಲ್ಲೂ ಹೇಳ್ತೀನಿ. ಕೈ ತೊಳೀರಿ. ತಲೆ ಹಿಂದಕ್ಕೆ ವಾಲಿಸಿ, ಕೆಳಗಿನ ರೆಪ್ಪೆಯನ್ನ ಬೆರಳಲ್ಲಿ ಮೆಲ್ಲಗೆ ಕೆಳಕ್ಕೆ ಎಳೆದ್ರೆ ಅಲ್ಲೊಂದು ಸಣ್ಣ ಜೇಬು ಆಗತ್ತೆ, ಮೇಲೆ ನೋಡ್ತಾ ಅದರೊಳಗೆ ಒಂದೇ ಒಂದು ಹನಿ. ಬಾಟಲಿನ ತುದಿ ರೆಪ್ಪೆಗೆ ಕಣ್ಣಿಗೆ ತಾಗಬಾರದು. ಎರಡು ಮೂರು ಹನಿ ಸುರಿದ್ರೆ ಪ್ರಯೋಜನ ಇಲ್ಲ, ಕಣ್ಣು ಹಿಡಿಯೋದೇ ಒಂದು ಹನಿ, ಮಿಕ್ಕಿದ್ದು ಕೆನ್ನೆ ಮೇಲೆ. ಆಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನ ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ ಹಿಡೀರಿ. ಗಂಟಲಲ್ಲಿ ಕಹಿ ಬರತ್ತೆ ಅಂತಾರಲ್ಲ, ಆ ಮೂಲೆಯ ತೂತಿಂದ ಹನಿ ಮೂಗಿಗೆ ಇಳಿದು ಗಂಟಲಿಗೆ ಬರೋದು, ಒತ್ತಿ ಹಿಡಿದ್ರೆ ಅದು ಕಣ್ಣಲ್ಲೇ ಉಳಿಯತ್ತೆ, ರಕ್ತಕ್ಕೂ ಕಮ್ಮಿ ಸೇರತ್ತೆ. ಎರಡು ಥರದ ಹನಿ ಇದ್ರೆ ನಡುವೆ ಐದು ನಿಮಿಷ ಬಿಡಿ. ಒಡೆದ ದಿನ ಬಾಟಲಿನ ಮೇಲೆ ಪೆನ್ನಲ್ಲಿ ತಾರೀಕು ಬರೀರಿ, ಸಾಮಾನ್ಯವಾಗಿ ಒಂದು ತಿಂಗಳಾದ್ಮೇಲೆ ಮಿಕ್ಕಿದ್ರೂ ಎಸೀರಿ. ಕಿವಿ ಹನಿ ಕಣ್ಣಿನ ಹನಿ ಒಂದೇ ಡಬ್ಬಿಯಲ್ಲಿ ಇಡಬೇಡಿ, ಬಾಟಲು ನೋಡೋಕೆ ಒಂದೇ ಥರ ಇರತ್ತೆ, ಕಿವಿದನ್ನ ಕಣ್ಣಿಗೆ ಹಾಕ್ಕೊಂಡು ಉರಿ ಅಂತ ಓಡಿ ಬಂದವ್ರಿದಾರೆ.

ಶುಗರ್ ಇರೋರಿಗೆ ಮಾತ್ರ ನಾನು ಕೊಡಬಹುದಾದ ಹನಿ ಯಾವ್ದೂ ಇಲ್ಲ. ಸಕ್ಕರೆ ಹಾಳು ಮಾಡೋದು ಕಣ್ಣಿನ ಹಿಂದಿನ ಪರದೆ, ರೆಟಿನಾ, ಅಲ್ಲಿನ ಸಣ್ಣ ರಕ್ತನಾಳ ಸೋರತ್ತೆ, ಹೊಸದು ಬೆಳೆದು ಒಡೆಯತ್ತೆ. ತುಂಬಾ ಮುಂದುವರಿಯೋ ತನಕ ಚೆನ್ನಾಗೇ ಕಾಣ್ತಿರತ್ತೆ. ಮೊದ್ಲೇ ಕಂಡುಹಿಡಿದ್ರೆ ಲೇಸರ್, ಇಂಜೆಕ್ಷನ್ ಎಲ್ಲ ಇದೆ. ಶುಗರ್ ಅಂತ ಗೊತ್ತಾದ ವರ್ಷದಿಂದಲೇ ವರ್ಷಕ್ಕೊಂದು ಸಲ ಆಸ್ಪತ್ರೆಯಲ್ಲಿ ಹನಿ ಹಾಕಿಸಿ ಪಾಪೆ ದೊಡ್ಡದು ಮಾಡಿ ಆ ಪರದೆ ನೋಡಿಸ್ಕೊಳ್ಳಬೇಕು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸ್ಕೊಂಡ್ರೆ ಅದು ಈ ಚೆಕಪ್ ಆಗಲ್ಲ. ನಲವತ್ತು ದಾಟಿ ಚಾಳೀಸು ಬಂದಾಗ್ಲೂ ಒಂದು ಸಲ ಹೀಗೆ ಪೂರ್ತಿ ತೋರಿಸ್ಕೊಂಡುಬಿಡಿ, ಅಪ್ಪನಿಗೋ ಅಮ್ಮನಿಗೋ ಅಣ್ಣ ಅಕ್ಕನಿಗೋ ಗ್ಲಾಕೋಮಾ ಇದ್ರಂತೂ ಕಾಯಲೇಬೇಡಿ.

ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಇರ್ತಾರೆ, ಅಲ್ಲಿಂದ ಶುರು ಮಾಡಿ, ಹೆಚ್ಚಿನದ್ದಿದ್ರೆ ಮಂಡ್ಯದ ಮಿಮ್ಸ್ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇವೆ. ಇದ್ದಕ್ಕಿದ್ದ ಹಾಗೆ ಒಂದು ಕಣ್ಣು ಕಾಣದೇ ಹೋದ್ರೆ, ಪರದೆ ಇಳಿಬಿಟ್ಟ ಹಾಗಾದ್ರೆ, ಕಣ್ಣ ಮುಂದೆ ಮಿಂಚು ಹೊಡೆದು ಕಪ್ಪು ಚುಕ್ಕೆ ಒಂದೇ ಸಲಕ್ಕೆ ಜಾಸ್ತಿ ಆದ್ರೆ, ತಲೆನೋವು ವಾಂತಿ ಜೊತೆ ಕಣ್ಣು ಕೆಂಪಾಗಿ ಬಲ್ಬಿನ ಸುತ್ತ ಬಣ್ಣದ ಬಳೆ ಕಂಡ್ರೆ ಅವತ್ತೇ ಹೋಗಿ, ನನ್ನ ಅಂಗಡಿ ಕಡೆ ಬರಲೇಬೇಡಿ. ಹೋಗೋವಾಗ ಮನೆಯಲ್ಲಿರೋ ಹನಿ ಬಾಟಲೆಲ್ಲ, ಖಾಲಿ ಆಗಿರೋದನ್ನೂ ಸೇರಿಸಿ, ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಇಷ್ಟು ದಿನ ಏನೇನು ಹಾಕಿದೀರಿ ಅಂತ ಡಾಕ್ಟರಿಗೆ ಗೊತ್ತಾಗ್ಲಿ. ಪಾಪೆ ದೊಡ್ಡದು ಮಾಡಿದ್ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜಾಗಿ ಕಾಣತ್ತೆ, ಬಿಸಿಲು ಚುಚ್ಚತ್ತೆ, ಅದಕ್ಕೆ ಗಾಡಿ ಓಡಿಸ್ಕೊಂಡು ಹೋಗದೆ ಮನೆಯವ್ರು ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗಿ, ಮಧ್ಯಾಹ್ನದ ಊಟವನ್ನೂ ಕಟ್ಟಿಸ್ಕೊಂಡ್ರೆ ಒಳ್ಳೇದು, ಸರದಿ ಉದ್ದ ಇರತ್ತೆ.